ಸೀಸೆಯ ತಳ, ಗೆರೆ, ಬಾಯಿ: ಹಳೆಯ ಗಾಜನ್ನು ಓದುವ ಬಗೆ

ಗೋಲಿ ಸೋಡಾದ ಸೀಸೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರಿಗೆ ಅದು ಮುತ್ತಜ್ಜನ ಕಾಲದ್ದೆಂದು ಅನ್ನಿಸದೆ ಇರುವುದು ಕಷ್ಟ. ಗಾಜಿಗೆ ತಿಳಿಹಸಿರಿನ ಛಾಯೆಯಿದೆ, ಒಳಗೆ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆಗಳಿವೆ, ಮೈಯ ಎರಡೂ ಬದಿಗಳಲ್ಲಿ ಕೈಗೆ ತಗಲುವಷ್ಟು ಒರಟಾದ ಗೆರೆ ಇಳಿದಿದೆ, ಇಡೀ ಸೀಸೆ ಒಂದು ಕಡೆಗೆ ತುಸು ವಾಲಿದೆ. ಇಂಗ್ಲೆಂಡಿನ ಎಂಜಿನಿಯರ್ ಹೈರಮ್ ಕಾಡ್ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವಿದು. ಅನಿಲದ ಒತ್ತಡವೇ ಗೋಲಿಯನ್ನು ಮೇಲಕ್ಕೆ ತಳ್ಳಿ ಬಾಯಿಯೊಳಗಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಕತ್ತಿನ ಒಂದು ಬದಿಯ ಎರಡು ಗುಬುಟುಗಳು ಗೋಲಿಯನ್ನು ತಡೆಯುತ್ತವೆ. ಹುಟ್ಟಿದ ನಾಡಿನಲ್ಲಿ ಈ ಸೀಸೆ ಮರೆಯಾಗಿ ಬಹಳ ಕಾಲವಾಯಿತು. ಭಾರತದಲ್ಲಿ ಮಾತ್ರ ಉತ್ತರ ಪ್ರದೇಶದ ಸಾಸನಿಯಂಥ ಊರಿನಲ್ಲಿ ಇತ್ತೀಚಿನ ದಶಕಗಳವರೆಗೂ ಇದರ ತಯಾರಿಕೆ ನಡೆದುಬಂದಿದೆ. ಆದ್ದರಿಂದ ಕೈಯಲ್ಲಿರುವ ಸೀಸೆಗೆ ನೂರಿಪ್ಪತ್ತು ವರ್ಷ ವಯಸ್ಸಾಗಿರಬಹುದು, ಹದಿನೈದೇ ವರ್ಷವೂ ಆಗಿರಬಹುದು.

ಹಳೆಯ ಸೀಸೆಗಳನ್ನು ಗುರುತಿಸಲು ಹೊರಟವರು ಮೊದಲು ಎಡವುವುದು ಇಲ್ಲಿಯೇ. ಗಾಜಿನ ಮೇಲಿನ ಕುಂದುಗಳು ಕಾಲವನ್ನು ನೇರವಾಗಿ ಹೇಳುವುದಿಲ್ಲ. ಅವು ಹೇಳುವುದು ಸೀಸೆಯನ್ನು ಮಾಡಿದ ಬಗೆಯನ್ನು. ಆ ಬಗೆ ಯಾವ ನಾಡಿನಲ್ಲಿ, ಎಂದಿನಿಂದ ಎಂದಿನವರೆಗೆ ರೂಢಿಯಲ್ಲಿತ್ತು ಎಂಬುದು ಗೊತ್ತಿದ್ದರೆ ಮಾತ್ರ ಅದರಿಂದ ಕಾಲವನ್ನು ಊಹಿಸಬಹುದು. ಇದರ ಜೊತೆಗೆ ಇನ್ನೊಂದು ನಿಯಮವನ್ನೂ ನೆನಪಿಡಬೇಕು. ಒಂದೇ ಸೀಸೆಯಲ್ಲಿ ಹಳೆಯ ಪದ್ಧತಿಯ ನಾಲ್ಕು ಗುರುತುಗಳೂ ಹೊಸ ಪದ್ಧತಿಯ ಒಂದೇ ಒಂದು ಗುರುತೂ ಇದ್ದರೆ ತೀರ್ಪು ಆ ಒಂದು ಹೊಸ ಗುರುತಿನದು, ಏಕೆಂದರೆ ಹಳೆಯ ಕಸುಬು ಹೊಸ ಕಾಲಕ್ಕೂ ದಾಟಿ ಬರಬಲ್ಲದು, ಆದರೆ ಇನ್ನೂ ಹುಟ್ಟದ ಯಂತ್ರ ತನ್ನ ಗುರುತನ್ನು ಹಿಂದಿನ ಕಾಲದ ಗಾಜಿನ ಮೇಲೆ ಬಿಡಲಾರದು.

ಗುರುತುಗಳು ಅರ್ಥವಾಗಬೇಕಾದರೆ ಕೈಯಿಂದ ಸೀಸೆ ಮಾಡುತ್ತಿದ್ದ ಕ್ರಮ ತಿಳಿದಿರಬೇಕು. ಮರಳು, ಸೋಡಾ ಮತ್ತು ಸುಣ್ಣ ಕರಗಿದ ಕುಲುಮೆಯಿಂದ ಕುಶಲಕರ್ಮಿಯು ಉದ್ದನೆಯ ಕಬ್ಬಿಣದ ಊದುಕೊಳವೆಯ ತುದಿಗೆ ಗಾಜಿನ ಮುದ್ದೆಯನ್ನು ಸುತ್ತಿಕೊಳ್ಳುತ್ತಿದ್ದ. ಅದನ್ನು ಚಪ್ಪಡಿಯ ಮೇಲೆ ಉರುಳಿಸಿ, ಸ್ವಲ್ಪ ಊದಿ, ಅಚ್ಚಿನೊಳಗೆ ಇಳಿಬಿಟ್ಟು, ಅಚ್ಚಿನ ಗೋಡೆಗೆ ತಾಗುವಂತೆ ಮತ್ತೆ ಊದುತ್ತಿದ್ದ. ಅಷ್ಟರಲ್ಲಿ ಸೀಸೆಯ ಮೈ, ಹೆಗಲು ಮತ್ತು ಕತ್ತಿನ ಬಹುಭಾಗ ಸಿದ್ಧವಾಗಿರುತ್ತಿತ್ತು, ಆದರೆ ಬಾಯಿ ಇರುತ್ತಿರಲಿಲ್ಲ. ಬಾಯಿ ಇರಬೇಕಾದ ಜಾಗದಲ್ಲಿ ಊದುಕೊಳವೆ ಅಂಟಿಕೊಂಡಿರುತ್ತಿತ್ತು. ಕೊಳವೆಯನ್ನು ಬಿಡಿಸಿಕೊಂಡು, ಸೀಸೆಯನ್ನು ತಳದ ಕಡೆಯಿಂದ ಹಿಡಿದು, ಮುರಿದ ಕತ್ತಿನ ತುದಿಯನ್ನು ಮತ್ತೆ ಕಾಯಿಸಿ ಬಾಯಿಯನ್ನು ತಿದ್ದುವುದೇ ಕೊನೆಯ ಕೆಲಸ. ಆ ಕಾರಣಕ್ಕೇ ಇಂಗ್ಲಿಷ್ ಕಸುಬುದಾರರು ಸೀಸೆಯ ಬಾಯಿಗೆ ‘ಫಿನಿಷ್’ ಎಂಬ ಹೆಸರಿಟ್ಟರು. ಯಂತ್ರ ಬಂದ ಮೇಲೆ ಬಾಯಿಯೇ ಮೊದಲು ಸಿದ್ಧವಾಗತೊಡಗಿದರೂ ಗಾಜಿನ ಕಾರ್ಖಾನೆಗಳಲ್ಲಿ ಇಂದಿಗೂ ಅದು ಫಿನಿಷ್ ಆಗಿಯೇ ಉಳಿದಿದೆ. ಕೆಲಸದ ಕ್ರಮ ಹೀಗೆ ತಿರುಗುಮುರುಗಾದದ್ದೇ ಸೀಸೆಯ ವಯಸ್ಸನ್ನು ಕಂಡುಹಿಡಿಯಲು ನಮಗಿರುವ ಅತಿ ದೊಡ್ಡ ಆಧಾರ.

ಮೊದಲು ತಳವನ್ನು ನೋಡಬೇಕು. ಬಾಯಿ ತಿದ್ದುವಾಗ ಕಾದ ಸೀಸೆಯನ್ನು ಹಿಡಿಯಲು ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಪಾಂಟಿಲ್ ಎಂಬ ಕಬ್ಬಿಣದ ಸಲಾಕೆಯನ್ನು ತಳದ ನಡುವೆ ಅಂಟಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಸಲಾಕೆಯನ್ನು ಹೊಡೆದು ಬಿಡಿಸಿದಾಗ ಅಲ್ಲೊಂದು ಗಾಯ ಉಳಿಯುತ್ತಿತ್ತು. ಸಲಾಕೆಯ ತುದಿಗೆ ಗಾಜು ಹಚ್ಚಿಕೊಂಡು ಅಂಟಿಸಿದ್ದರೆ ಬೆರಳು ಕೊಯ್ಯುವಷ್ಟು ಚೂಪಾದ ಮುರುಕು ಇರುತ್ತದೆ. ಊದುಕೊಳವೆಯನ್ನೇ ಸಲಾಕೆಯಂತೆ ಬಳಸಿದ್ದರೆ ಬಳೆಯಾಕಾರದ ಗುರುತು ಇರುತ್ತದೆ. ಬರಿಯ ಕಬ್ಬಿಣವನ್ನು ಕಾಯಿಸಿ ಒತ್ತಿದ್ದರೆ ಕೆಂಪು ಅಥವಾ ಕಪ್ಪು ಬಣ್ಣದ ಲೋಹದ ಕಲೆ ಉಳಿದಿರುತ್ತದೆ. ಸುಮಾರು 1850 ಮತ್ತು 1860ರ ದಶಕಗಳಲ್ಲಿ ಸೀಸೆಯ ಮೈಯನ್ನು ಹೊರಗಿನಿಂದ ತಬ್ಬಿ ಹಿಡಿಯುವ ಚಿಮಟದಂಥ ಸಾಧನ ಬಳಕೆಗೆ ಬಂತು. ಅಲ್ಲಿಂದ ಮುಂದೆ ಸಾಮಾನ್ಯ ಸೀಸೆಗಳ ತಳದಲ್ಲಿ ಗಾಯ ಅಪರೂಪವಾಯಿತು. ಮದ್ಯದ ಸೀಸೆಗಳ ತಳ ಒಳಕ್ಕೆ ಎಷ್ಟು ಆಳವಾಗಿ ಗುಳಿಬಿದ್ದಿದೆಯೋ ಸೀಸೆ ಅಷ್ಟು ಹಳೆಯದು ಎಂಬ ಮಾತೊಂದಿದೆ. ಅದನ್ನು ನಂಬಬೇಕಾಗಿಲ್ಲ, ಇಂದಿನ ದ್ರಾಕ್ಷಾರಸದ ಸೀಸೆಗಳಲ್ಲೂ ಆ ಗುಳಿ ಧಾರಾಳವಾಗಿದೆ.

ಗಾಯವಿಲ್ಲದ ತಳದಲ್ಲಿ ಅಚ್ಚಿನ ಗೆರೆ, ಅಂದರೆ ಅಚ್ಚಿನ ಹೋಳುಗಳು ಕೂಡುವಲ್ಲಿ ಗಾಜಿನ ಮೇಲೆ ಉಳಿಯುವ ಗೆರೆ, ಹೇಗೆ ಹಾದುಹೋಗಿದೆ ಎಂಬುದನ್ನು ಗಮನಿಸಬೇಕು. ಗೆರೆ ಒಂದು ಬದಿಯಿಂದ ಇನ್ನೊಂದು ಬದಿಗೆ ತಳವನ್ನು ಅಡ್ಡಹಾಯ್ದಿದ್ದರೆ, ಪುಸ್ತಕದಂತೆ ತೆರೆದು ಮುಚ್ಚುವ ಎರಡು ಹೋಳಿನ ಅಚ್ಚು ಅದು. ಪಾಂಟಿಲ್ ಗಾಯದೊಂದಿಗೆ ಅಥವಾ ಗಾಯವಿಲ್ಲದೆ ಇದು ಹತ್ತೊಂಬತ್ತನೆಯ ಶತಮಾನದ ಮೊದಲ ಮುಕ್ಕಾಲು ಭಾಗದಲ್ಲಿ ಹೆಚ್ಚಾಗಿ ಕಾಣುತ್ತದೆ. ಅಚ್ಚಿಗೆ ಬೇರೆಯದೇ ತಳದ ತಟ್ಟೆ ಇದ್ದಾಗ ಗೆರೆ ತಳದ ನಡುವೆ ಉಂಗುರದಂತೆ ಸುತ್ತಿಕೊಳ್ಳುತ್ತದೆ, ಅಥವಾ ಹಿಮ್ಮಡಿಯ ಸುತ್ತ, ಅಂದರೆ ಮೈ ತಳವನ್ನು ಕೂಡುವ ತಿರುವಿನಲ್ಲಿ, ಓಡುತ್ತದೆ.

ಮೈಯ ಗೆರೆಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಗೆರೆ ಬಾಯಿಯತ್ತ ಎಷ್ಟು ಎತ್ತರಕ್ಕೆ ಏರಿದೆಯೋ ಸೀಸೆ ಅಷ್ಟು ಹೊಸದು, ಹೆಗಲಿನಲ್ಲೇ ನಿಂತಿದ್ದರೆ ಬಹಳ ಹಳೆಯದು, ಕತ್ತಿನ ನಡುವೆ ನಿಂತಿದ್ದರೆ ಮಧ್ಯಮ ವಯಸ್ಸಿನದು ಎಂದು ಅಳತೆಪಟ್ಟಿ ಹಿಡಿದಂತೆ ಹೇಳುವವರಿದ್ದಾರೆ. ಕೈಯಿಂದ ಮಾಡಿದ ಸೀಸೆಯಲ್ಲಿ ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದು ಬಾಯಿ ತಿದ್ದುವಾಗ ಕತ್ತನ್ನು ಎಷ್ಟು ಕಾಯಿಸಿದರು, ತಿರುಗಿಸುವ ಉಪಕರಣ ಎಷ್ಟು ಕೆಳಗಿನವರೆಗೆ ಉಜ್ಜಿತು ಎಂಬುದನ್ನು ಅವಲಂಬಿಸಿದೆ. ಒಂದೇ ದಿನ ಒಂದೇ ಅಚ್ಚಿನಿಂದ ಬಂದ ಎರಡು ಸೀಸೆಗಳಲ್ಲಿ ಗೆರೆ ಎರಡು ಎತ್ತರಗಳಲ್ಲಿ ನಿಂತಿರಬಹುದು. ಖಚಿತವಾದ ಭೇದ ಒಂದೇ: ಗೆರೆ ಬಾಯಿಯ ಅಂಚಿಗಿಂತ ಕೆಳಗೆ ಅಳಿಸಿಹೋಗಿದ್ದರೆ ಬಾಯಿಯನ್ನು ಕೈಯಿಂದ ಮುಗಿಸಲಾಗಿದೆ, ಗೆರೆ ಬಾಯಿಯ ಉಬ್ಬನ್ನು ಹತ್ತಿ ತುದಿಯನ್ನು ಮುಟ್ಟಿದ್ದರೆ, ಜೊತೆಗೆ ಬಾಯಿಯ ಕೆಳಗೆ ಕತ್ತನ್ನು ಸುತ್ತುವ ಅಡ್ಡಗೆರೆಯೂ ಇದ್ದರೆ, ಬಾಯಿಯೂ ಅಚ್ಚಿನಲ್ಲೇ ಆಗಿದೆ, ಅಂದರೆ ಅದು ಯಂತ್ರದ ಕೆಲಸ.

ಗೆರೆಯೇ ಇಲ್ಲದ ಸೀಸೆಯನ್ನು ಕಂಡಾಗ ಅಚ್ಚಿಲ್ಲದೆ ಊದಿದ್ದೆಂದು ಸಂಭ್ರಮಿಸುವ ಮುನ್ನ ಎರಡು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಬಾವಿಯಂತೆ ಮೇಲ್ಗಡೆ ಮಾತ್ರ ತೆರೆದಿರುವ ಅಚ್ಚು. ಅದರಿಂದ ಸೀಸೆಯನ್ನು ಮೇಲಕ್ಕೆಳೆದು ತೆಗೆಯಬೇಕಾದುದರಿಂದ ಮೈ ತಳದ ಕಡೆಗೆ ಕಿರಿದಾಗಿರುತ್ತದೆ. ಡಚ್ಚರ ಚೌಕಾಕಾರದ ಜಿನ್ ಸೀಸೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಎರಡನೆಯದು ಒಳಗೋಡೆಗೆ ಲೇಪ ಹಚ್ಚಿ ನೀರು ಹನಿಸಿದ ಅಚ್ಚು. ಕಾದ ಗಾಜು ತಾಗಿದೊಡನೆ ಏಳುವ ಹಬೆಯ ಪದರದ ಮೇಲೆ ಸೀಸೆಯನ್ನು ಗರಗರ ತಿರುಗಿಸಿದಾಗ ಗೆರೆ ಅಳಿಸಿಹೋಗಿ, ಮೈಯ ಸುತ್ತ ಗ್ರಾಮಫೋನ್ ತಟ್ಟೆಯ ಮೇಲಿರುವಂಥ ಸೂಕ್ಷ್ಮವಾದ ಅಡ್ಡರೇಖೆಗಳು ಉಳಿಯುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಅನೇಕ ದ್ರಾಕ್ಷಾರಸದ ಸೀಸೆಗಳು ಹೀಗೆ ಆದವು. ಇಂಥ ಸೀಸೆಯ ಮೈಯಲ್ಲಿ ಉಬ್ಬಕ್ಷರ ಇರಲಾರದು, ತಿರುಗಿಸುವಾಗ ಅಕ್ಷರವೂ ಅಳಿಸಿಹೋಗುತ್ತದೆ. ಗೆರೆಯೂ ಇಲ್ಲದೆ ಮೈಮೇಲೆ ಉಬ್ಬಕ್ಷರವಿರುವ ದುಂಡು ಸೀಸೆಯನ್ನು ಯಾರಾದರೂ ಮಾರಲು ತಂದರೆ ಅನುಮಾನಪಡಲು ಅಷ್ಟೇ ಸಾಕು.

ಗೆರೆಯಿರುವ ಸೀಸೆಗೂ ಗೆರೆಯಿಲ್ಲದ ಸೀಸೆಗೂ ನಡುವಿನದೊಂದು ಬಗೆಯಿದೆ. ಬ್ರಿಸ್ಟಲ್‌ನ ಹೆನ್ರಿ ರಿಕೆಟ್ಸ್ 1821ರಲ್ಲಿ ಮೂರು ಭಾಗಗಳ ಅಚ್ಚಿಗೆ ಪೇಟೆಂಟ್ ಪಡೆದ. ಮೈಗೆ ಇಡಿಯಾದ ಒಂದು ಭಾಗ, ಹೆಗಲಿಗೆ ಎರಡು ಹೋಳು. ಆದ್ದರಿಂದ ಮೈಯ ಮೇಲೆ ಉದ್ದಗೆರೆ ಇರದೆ, ಹೆಗಲು ಶುರುವಾಗುವಲ್ಲಿ ಸುತ್ತುಗೆರೆಯೂ ಅಲ್ಲಿಂದ ಕತ್ತಿನತ್ತ ಎರಡು ಗೆರೆಗಳೂ ಇರುತ್ತವೆ. ಕಪ್ಪು ಗಾಜಿನ ಹಳೆಯ ಬಿಯರ್ ಮತ್ತು ಮದ್ಯದ ಸೀಸೆಗಳಲ್ಲಿ ಈ ವಿನ್ಯಾಸ ಮತ್ತೆ ಮತ್ತೆ ಸಿಗುತ್ತದೆ. ತಳದ ಸುತ್ತ ರಿಕೆಟ್ಸ್‌ನ ಹೆಸರೇ ಇದ್ದರಂತೂ ಕೆಲಸ ಸುಲಭ. ಅಂದಹಾಗೆ ಆ ಕಪ್ಪು ಗಾಜು ನಿಜವಾಗಿ ಕಪ್ಪಲ್ಲ. ಬಲವಾದ ದೀಪಕ್ಕೆ ಹಿಡಿದರೆ ಗಾಢ ಹಸಿರೋ ಕಂದೋ ಕಾಣುತ್ತದೆ.

ಇನ್ನು ಬಾಯಿ. ಕೈಕೆಲಸದ ಸೀಸೆಗಳಲ್ಲಿ ಬಾಯಿಯನ್ನು ಮುಖ್ಯವಾಗಿ ಎರಡು ರೀತಿಯಲ್ಲಿ ಮುಗಿಸುತ್ತಿದ್ದರು. ಹಳೆಯ ರೀತಿಯಲ್ಲಿ ಕತ್ತಿನ ತುದಿಗೆ ಬೇರೆ ಗಾಜಿನ ಪಟ್ಟಿಯನ್ನು ಸುತ್ತಿ ಉಪಕರಣದಿಂದ ಒತ್ತುತ್ತಿದ್ದರು. ಆಗ ಹೆಚ್ಚಾದ ಗಾಜು ಕತ್ತಿನ ಮೇಲೆ ಮೇಣದಬತ್ತಿಯ ಕಣ್ಣೀರಿನಂತೆ ಇಳಿದು, ಅಚ್ಚಿನ ಗೆರೆ ಅದರ ಕೆಳಗೆ ಥಟ್ಟನೆ ಮುಚ್ಚಿಹೋಗಿರುತ್ತದೆ. ನಂತರದ ರೀತಿಯಲ್ಲಿ ಹೊಸ ಗಾಜು ಸೇರಿಸದೆ ಕತ್ತಿನ ತುದಿಯನ್ನೇ ಮೆದುವಾಗಿಸಿ ತಿರುಗಿಸಿ ರೂಪ ಕೊಡುತ್ತಿದ್ದರು. ಅಲ್ಲಿ ಗೆರೆ ಕ್ರಮೇಣ ಮಾಸುತ್ತ ಹೋಗುತ್ತದೆ, ಕತ್ತಿನ ಮೇಲ್ಭಾಗದಲ್ಲಿ ಸುತ್ತುಗೀರುಗಳು ಕಾಣುತ್ತವೆ. ಈ ಎರಡನೆಯ ರೀತಿ 1880ರ ದಶಕದಿಂದ ಹೆಚ್ಚು ಬಳಕೆಗೆ ಬಂತು. ಸರಿಸುಮಾರು ಅದೇ ಹೊತ್ತಿಗೆ ಅಚ್ಚಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗಲೆಂದು ಸೂಜಿಮೊನೆಯಷ್ಟು ರಂಧ್ರಗಳನ್ನು ಕೊರೆಯತೊಡಗಿದರು. ಅವುಗಳೊಳಕ್ಕೆ ನುಗ್ಗಿದ ಗಾಜು ಹೆಗಲಿನ ಮೇಲೋ ಅಕ್ಷರಗಳ ನಡುವೆಯೋ ಬೆವರುಸಾಲೆಯಂಥ ಪುಟ್ಟ ಚುಕ್ಕಿಗಳಾಗಿ ಉಳಿಯುತ್ತದೆ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುವ ಈ ಚುಕ್ಕಿಗಳು ತೀರ ಭರವಸೆಯ ಗುರುತುಗಳೆಂದು ನನ್ನ ಎಣಿಕೆ, ಏಕೆಂದರೆ ಅವನ್ನು ಯಾರೂ ಅಲಂಕಾರಕ್ಕೆಂದು ಮಾಡುವುದಿಲ್ಲ.

ಬಾಯಿಯ ಆಕಾರ ಮುಚ್ಚಳವನ್ನು ಅನುಸರಿಸುತ್ತದೆ. ಮೊಟ್ಟೆಯಾಕಾರದ, ನಿಲ್ಲಿಸಲಾಗದ ಹಳೆಯ ಸೋಡಾ ಸೀಸೆಗಳನ್ನು ಹಾಗೆ ಮಾಡಿದ್ದು ಅವು ಮಲಗಿಯೇ ಇದ್ದು ಬಿರಡೆ ಸದಾ ಒದ್ದೆಯಾಗಿ ಉಬ್ಬಿರಲಿ ಎಂದು. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಸುಕ್ಕಂಚಿನ ತಗಡಿನ ಕ್ರೌನ್ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಆ ಮುಚ್ಚಳ ಕಚ್ಚುವಂಥ ಬಾಯಿಯಿರುವ ಸೀಸೆ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಗಾಜು ಎಷ್ಟೇ ಒರಟಾಗಿದ್ದರೂ.

ಯಂತ್ರಗಳ ಕಥೆಯನ್ನು ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. 1880ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಆ್ಯಶ್ಲಿ ಎಂಬಾತ ಅರೆಸ್ವಯಂಚಾಲಿತ ಯಂತ್ರ ನಡೆಸಿದ. 1903ರಲ್ಲಿ ಅಮೆರಿಕದ ಟೊಲೀಡೊದಲ್ಲಿ ಮೈಕೆಲ್ ಓವೆನ್ಸ್‌ನ ಪೂರ್ಣ ಸ್ವಯಂಚಾಲಿತ ಯಂತ್ರ ಸಿದ್ಧವಾಯಿತು. ಈ ಯಂತ್ರ ಕುಲುಮೆಯಿಂದ ಗಾಜನ್ನು ಅಚ್ಚಿನೊಳಕ್ಕೆ ಹೀರಿಕೊಂಡು, ಜೋತಾಡುವ ಗಾಜಿನ ಎಳೆಯನ್ನು ಕತ್ತಿಯಿಂದ ಕತ್ತರಿಸುತ್ತಿತ್ತು. ಆ ಕೊಯ್ತದ ಗುರುತು ತಳದಲ್ಲಿ ನಡುವಿನಿಂದ ತುಸು ಸರಿದ, ಹಕ್ಕಿಯ ಗರಿಯಂತೆ ಹರಕಲಾದ ಅಂಚಿನ ವೃತ್ತವಾಗಿ ಉಳಿಯುತ್ತದೆ. ಅದನ್ನು ಪಾಂಟಿಲ್ ಗಾಯವೆಂದು ತಿಳಿದು ಅರ್ಧ ಶತಮಾನ ಹಿಂದಕ್ಕೆ ಹೋದವರು ಬಹಳ ಮಂದಿ. ಗಾಯವು ಉಬ್ಬಿಯೋ ಒಡೆದೋ ಇರುತ್ತದೆ, ಯಂತ್ರದ ಕೊಯ್ತವು ಕೂದಲೆಳೆಯ ಗೆರೆ ಮಾತ್ರ. ಯಂತ್ರಗಳು ಮೊದಲು ಒಂದು ಅಚ್ಚಿನಲ್ಲಿ ಕರಡು ರೂಪವನ್ನೂ ಆಮೇಲೆ ಇನ್ನೊಂದರಲ್ಲಿ ಅಂತಿಮ ರೂಪವನ್ನೂ ಕೊಡುವುದರಿಂದ, ಮೊದಲ ಅಚ್ಚಿನ ಗೆರೆ ಮೈಮೇಲೆ ಮಸುಕಾಗಿ, ಅಂಕುಡೊಂಕಾಗಿ, ಮುಖ್ಯ ಗೆರೆಗೆ ಸಂಬಂಧವೇ ಇಲ್ಲದಂತೆ ಕಾಣಿಸಿಕೊಳ್ಳುವುದುಂಟು. ಹಳೆಯ ಹಾಲಿನ ಸೀಸೆಗಳ ತಳದಲ್ಲಿ ನಾಣ್ಯ ಒತ್ತಿದಂತೆ ಕಾಣುವ ಅಚ್ಚುಕಟ್ಟಾದ ವೃತ್ತವೂ ಯಂತ್ರದ್ದೇ.

ಈಗ ನಿಜವಾದ ಕುಂದುಗಳಿಗೆ ಬರೋಣ. ಜನ ಮೊದಲು ನೋಡುವುದು ಗಾಳಿಗುಳ್ಳೆಗಳನ್ನು, ಮತ್ತು ನನಗನ್ನಿಸುವಂತೆ ಅತಿ ಕಡಿಮೆ ನಂಬಬೇಕಾದದ್ದೂ ಅವುಗಳನ್ನೇ. ಕರಗಿದ ಗಾಜಿನಲ್ಲಿ ಏಳುವ ಅನಿಲ ಹೊರಹೋಗಲು ಬೇಕಾದಷ್ಟು ಶಾಖವೋ ಸಮಯವೋ ದೊರೆಯದಿದ್ದರೆ ಗುಳ್ಳೆ ಉಳಿಯುತ್ತದೆ. ಹಿಂದಿನ ಕುಲುಮೆಗಳಲ್ಲಿ ಅದು ನಿತ್ಯದ ಸಂಗತಿಯಾಗಿತ್ತು, ಅಗ್ಗದ ಗಾಜಿನಲ್ಲಿ ಇಂದೂ ಆಗುತ್ತದೆ, ಅಲಂಕಾರದ ಗಾಜಿನಲ್ಲಿ ಬೇಕೆಂದೇ ಮಾಡಲಾಗುತ್ತದೆ. ಗುಳ್ಳೆಯ ಆಕಾರ ಮಾತ್ರ ಉಪಯುಕ್ತ: ಕತ್ತಿನ ಭಾಗದಲ್ಲಿ ಅದು ಅಕ್ಕಿಕಾಳಿನಂತೆ ಉದ್ದವಾಗಿ ಓರೆಯಾಗಿ ತಿರುಚಿಕೊಂಡಿದ್ದರೆ ಅಲ್ಲಿ ಗಾಜನ್ನು ಎಳೆದು ತಿರುಗಿಸಿದ್ದಾರೆ. ಗಾಜಿನೊಳಗೆ ಬಿಳಿಯ ಕಲ್ಲಿನಂಥ ಚೂರು ಇದ್ದರೆ ಅದು ಕರಗದ ಕಚ್ಚಾವಸ್ತು ಅಥವಾ ಕುಲುಮೆಯ ಗೋಡೆಯಿಂದ ಬಿದ್ದದ್ದು. ಅದರ ಸುತ್ತ ನಕ್ಷತ್ರದಂತೆ ಬಿರುಕು ಹರಡಿದೆಯೇ ಎಂದು ನೋಡಬೇಕು, ಏಕೆಂದರೆ ಗಾಜು ಮತ್ತು ಕಲ್ಲು ತಣಿಯುವಾಗ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ.

ಮೈತುಂಬ ಉಳಿಯಿಂದ ಕೆತ್ತಿದಂಥ ಏರುತಗ್ಗುಗಳಿರುವ ಸೀಸೆಗಳನ್ನು ಮರದ ಅಚ್ಚಿನಲ್ಲಿ ಮಾಡಿದ್ದೆಂದು ಸಂಗ್ರಾಹಕರು ಬಹುಕಾಲ ನಂಬಿದ್ದರು. ನಿಜವಾದ ಕಾರಣ ಹೆಚ್ಚು ಸರಳವಾಗಿದೆ. ಕಬ್ಬಿಣದ ಅಚ್ಚು ಸರಿಯಾಗಿ ಕಾಯದಿದ್ದಾಗ ಬಿಸಿ ಗಾಜಿನ ಹೊರಪದರ ತಾಗಿದ ಕ್ಷಣವೇ ಹೆಪ್ಪುಗಟ್ಟಿ ಮುದುಡಿಕೊಳ್ಳುತ್ತದೆ. ಕಾವಲಿ ಕಾಯುವ ಮುನ್ನ ಹುಯ್ದ ಮೊದಲ ದೋಸೆ ಹೇಗೋ ಹಾಗೆ, ಪಾಳಿಯ ಮೊದಲ ಕೆಲವು ಸೀಸೆಗಳು ಇಂಥವಾಗುತ್ತಿದ್ದವು. ಆದ್ದರಿಂದ ಈ ಕುಂದಿನಿಂದ ಶತಮಾನ ತಿಳಿಯುವುದಿಲ್ಲ, ಕೆಲಸ ಶುರುವಾದ ಹೊತ್ತಿನಲ್ಲಿ ಆ ಸೀಸೆ ಹುಟ್ಟಿತೆಂದು ಮಾತ್ರ ತಿಳಿಯುತ್ತದೆ.

ಬಣ್ಣವೂ ಹೀಗೆಯೇ ಅರ್ಧ ಸಾಕ್ಷಿ. ಮರಳಿನಲ್ಲಿರುವ ಕಬ್ಬಿಣದ ಅಂಶವೇ ಸಾಮಾನ್ಯ ಗಾಜಿಗೆ ನೀಲಿ ಮಿಶ್ರಿತ ಹಸಿರನ್ನು ಕೊಡುತ್ತದೆ. ಅದನ್ನು ಮರೆಸಲು ಅಮೆರಿಕದಲ್ಲಿ ಸುಮಾರು 1880ರಿಂದ 1920ರ ನಡುವೆ ಮ್ಯಾಂಗನೀಸ್ ಬೆರೆಸುತ್ತಿದ್ದರು. ಅಂಥ ಬಣ್ಣವಿಲ್ಲದ ಗಾಜು ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ನಸುನೇರಳೆಗೆ ತಿರುಗುತ್ತದೆ. ಈ ನೇರಳೆಗೆ ಬೆಲೆ ಹೆಚ್ಚೆಂದು ಗೊತ್ತಾದ ಮೇಲೆ ವಿಕಿರಣಕ್ಕೆ ಒಡ್ಡಿ ಗಾಢ ನೇರಳೆ ಮಾಡಿ ಮಾರುವ ದಂಧೆಯೂ ಹುಟ್ಟಿಕೊಂಡಿತು. ಬಿಸಿಲಿನ ನೇರಳೆ ತೆಳುವಾಗಿರುತ್ತದೆ. ಬದನೆಕಾಯಿಯ ಬಣ್ಣ ಕಂಡರೆ ಕೈ ಹಿಂದೆಗೆಯುವುದು ಲೇಸು.

ಅಕ್ಷರ ಮತ್ತು ಅಂಕಿಗಳನ್ನು ಓದುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಗಾಜಿನ ಮೇಲೆ ಇಸವಿ ಇದ್ದಮಾತ್ರಕ್ಕೆ ಅದು ಸೀಸೆಯ ಹುಟ್ಟಿದ ವರ್ಷವಾಗುವುದಿಲ್ಲ. ಅಮೆರಿಕದ ಜಾನ್ ಮೇಸನ್ ತಿರುಪಿನ ಮುಚ್ಚಳದ ಜಾಡಿಗೆ 1858ರ ನವೆಂಬರ್ 30ರಂದು ಪೇಟೆಂಟ್ ಪಡೆದ. ಆ ತಾರೀಖನ್ನು ಹೊತ್ತ ಜಾಡಿಗಳು ಅನಂತರ ದಶಕಗಳ ಕಾಲ ಹೊರಬಂದವು. ಕೋಕಾ-ಕೋಲಾದ ಸೀಸೆಯೊಂದರ ಮೇಲೆ 1923ರ ಡಿಸೆಂಬರ್ 25 ಎಂದಿದ್ದರೆ ಅದೂ ಪೇಟೆಂಟ್ ದಿನವೇ, ಸೀಸೆ 1930ರ ದಶಕದ್ದಾಗಿರಬಹುದು. ತಳದ ಒಂಟಿ ಅಂಕಿ ಬಹುತೇಕ ಅಚ್ಚಿನ ಕ್ರಮಸಂಖ್ಯೆ. ನಿಜವಾದ ವರ್ಷಸೂಚಿ ಇರುವ ಸೀಸೆಗಳೂ ಇವೆ: 1929ರಲ್ಲಿ ರೂಪುಗೊಂಡ ಓವೆನ್ಸ್-ಇಲಿನಾಯ್ ಕಂಪನಿಯ ಗುರುತಿನ ಎಡಕ್ಕೆ ಕಾರ್ಖಾನೆಯ ಸಂಖ್ಯೆ, ಬಲಕ್ಕೆ ವರ್ಷದ ಕೊನೆಯ ಅಂಕಿ ಇರುತ್ತಿತ್ತು. ಆದರೆ ಬರಿಯ 2 ಎಂದಿದ್ದರೆ ಅದು 1932ರದೋ 1942ರದೋ ಎಂಬುದನ್ನು ಬೇರೆ ಗುರುತುಗಳಿಂದಲೇ ತೀರ್ಮಾನಿಸಬೇಕು. ಬ್ರಿಟನ್ನಿನ ವಸ್ತುಗಳ ಮೇಲೆ ವಜ್ರಾಕಾರದ ನೋಂದಣಿ ಚಿಹ್ನೆ ಇದ್ದರೆ ವಿನ್ಯಾಸ 1842ರಿಂದ 1883ರ ನಡುವೆ ನೋಂದಾಯಿತವಾದದ್ದು. 1884ರಿಂದ ಬರಿಯ ಕ್ರಮಸಂಖ್ಯೆ ಬಂತು. ಅಚ್ಚಿನಲ್ಲಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕಾದ್ದರಿಂದ, ಇಂಗ್ಲಿಷಿನ ಎನ್ ಅಥವಾ ಎಸ್ ಎಡಬಲ ತಿರುಗಿದ ಸೀಸೆಗಳು ಸಿಗುತ್ತವೆ. ಅಕ್ಷರ ಗೊತ್ತಿಲ್ಲದ ಕೆತ್ತನೆಗಾರನೋ, ದಿನದ ಕೊನೆಯ ದಣಿವೋ, ಆ ಕೈ ಯಾರದೆಂದು ತಿಳಿಯದಿದ್ದರೂ ಆ ತಪ್ಪು ಒಂದೇ ಅಚ್ಚಿನಿಂದ ಬಂದ ಸೀಸೆಗಳನ್ನು ಒಟ್ಟುಗೂಡಿಸಲು ನೆರವಾಗುತ್ತದೆ.

ನಮ್ಮ ಕಡೆಯ ಗುಜರಿ ಅಂಗಡಿಗಳಲ್ಲಿ ಮತ್ತು ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ ಸೀಸೆಗಳಿಗೆ ಇಂಗ್ಲಿಷ್ ಮತ್ತು ಅಮೆರಿಕನ್ ಕಾಲಪಟ್ಟಿಗಳನ್ನು ಹಾಗೆಯೇ ಹಚ್ಚುವುದು ತಪ್ಪಾಗುತ್ತದೆ. ಟಿಳಕರ ಬೆಂಬಲದಿಂದ, ಜನರಿಂದ ಪೈಸೆ ಪೈಸೆ ಕೂಡಿಸಿ, ಪುಣೆಯ ಬಳಿಯ ತಳೇಗಾಂವ್‌ನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ, ಅಂದರೆ ಓವೆನ್ಸ್‌ನ ಯಂತ್ರ ಸಿದ್ಧವಾಗಿ ಐದು ವರ್ಷಗಳಾದ ಮೇಲೆ. ಪಶ್ಚಿಮದಲ್ಲಿ ಊದುಕೊಳವೆ ಹಿಂದೆ ಸರಿಯುತ್ತಿದ್ದಾಗ ಇಲ್ಲಿ ಆ ಕಸುಬು ಬೇರುಬಿಡುತ್ತಿತ್ತು. ಹಾಗಾಗಿ ಕೈಯಿಂದ ಮುಗಿಸಿದ ಬಾಯಿ ಅಲ್ಲಿ 1920ಕ್ಕಿಂತ ಹಿಂದಿನದೆಂಬ ಸೂಚನೆಯಾದರೆ ಇಲ್ಲಿ ಅಂಥ ಸೂಚನೆಯೇನೂ ಅಲ್ಲ.

ಇಲ್ಲಿನ ಸೀಸೆಗಳಿಗೆ ಇಲ್ಲಿಯದೇ ಆಧಾರಗಳು ಬೇಕು. ಪ್ರಮಾಣವನ್ನು ಔನ್ಸಿನಲ್ಲಿ ಹೇಳಿದೆಯೇ ಮಿಲಿಲೀಟರಿನಲ್ಲಿ ಹೇಳಿದೆಯೇ ಎಂಬುದು ಒಂದು: ಭಾರತದಲ್ಲಿ ಮೆಟ್ರಿಕ್ ಅಳತೆಗೆ ದಾರಿ ಮಾಡಿದ ಕಾಯ್ದೆ 1956ರದು, ಅನಂತರದ ಕೆಲವು ವರ್ಷಗಳಲ್ಲಿ ಅದು ಹಂತಹಂತವಾಗಿ ಜಾರಿಗೆ ಬಂತು. ಕಾಗದದ ಚೀಟಿ ಉಳಿದಿದ್ದರೆ ಇನ್ನೂ ಅನುಕೂಲ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ ಆ ಚೀಟಿಯನ್ನು 1973ರ ನವೆಂಬರ್‌ಗೆ ಮೊದಲು ಅಚ್ಚು ಹಾಕಿಸಿರಬೇಕು. ಯುನೈಟೆಡ್ ಬ್ರೂವರೀಸ್ ಎಂಬ ಹೆಸರು 1915ಕ್ಕಿಂತ ಹಿಂದಿನ ಬಿಯರ್ ಸೀಸೆಯ ಮೇಲೆ ಇರಲಾರದು, ಏಕೆಂದರೆ ದಕ್ಷಿಣ ಭಾರತದ ಐದು ಬಿಯರ್ ತಯಾರಿಕೆಗಳು ಸೇರಿ ಆ ಕಂಪನಿಯಾದದ್ದು ಆ ವರ್ಷ. ಚೀಟಿ ಗಾಜಿಗಿಂತ ಹೊಸದಾಗಿರಬಹುದೆಂಬುದನ್ನು ಮಾತ್ರ ಮರೆಯಬಾರದು. ಖಾಲಿ ಸೀಸೆಯನ್ನು ತೊಳೆದು ಮತ್ತೆ ತುಂಬುವುದು ನಮ್ಮಲ್ಲಿ ಎಂದೂ ನಿಂತ ಕೆಲಸವಲ್ಲ.

ಹಳೆಯ ಔಷಧದ ಸೀಸೆಯೊಂದನ್ನು, ಕಾಂಪೌಂಡರ್‌ಗಳು ಮಿಕ್ಸ್ಚರ್ ತುಂಬಿ ಕೊಡುತ್ತಿದ್ದ ಬಗೆಯದನ್ನು, ಹೀಗೆ ಓದಿ ನೋಡೋಣ. ಮೈ ಚಪ್ಪಟೆ, ಬಣ್ಣ ತಿಳಿನೀಲಿ ಹಸಿರು, ಒಂದು ಬದಿಯಲ್ಲಿ ಆರು ಗುಟುಕುಗಳಿಗೆ ಆರು ಉಬ್ಬುಗೆರೆಗಳು. ತಳದಲ್ಲಿ ಗಾಯವಿಲ್ಲ, ಗೆರೆ ಹಿಮ್ಮಡಿಯನ್ನು ಸುತ್ತಿದೆ. ಪಾಂಟಿಲ್ ಕಾಲ ಕಳೆದಿದೆ. ಬದಿಯ ಗೆರೆ ಬಾಯಿಗೆ ಎರಡು ಬೆರಳು ಕೆಳಗೆ ಮಾಸಿದೆ, ಮೇಲೆ ಸುತ್ತುಗೀರುಗಳಿವೆ. ಬಾಯಿ ಕೈಯದು, ಬೇರೆ ಗಾಜು ಸೇರಿಸಿದ್ದಲ್ಲ. ಹೆಗಲಿನ ಮೇಲೆ ಬೆರಳಾಡಿಸಿದರೆ ಎರಡು ಚುಕ್ಕಿಗಳು ತಗಲುತ್ತವೆ, ಹಾಗಾಗಿ 1880ರ ದಶಕದ ಕೊನೆಗಿಂತ ಹಿಂದಿನದಾಗಿರುವುದು ಕಷ್ಟ. ಬಾಯಿ ಬಿರಡೆಗೆ ಹೊಂದುವಂಥದ್ದು, ತಿರುಪಿಲ್ಲ, ಅಳತೆ ಔನ್ಸಿನಲ್ಲಿದೆ. ಇಂಗ್ಲೆಂಡಿನಿಂದ ಬಂದದ್ದಾದರೆ ಮೊದಲ ಮಹಾಯುದ್ಧದ ಆಸುಪಾಸಿಗೆ ಮುಗಿಯುವ ಮೂವತ್ತು ವರ್ಷಗಳೊಳಗಿನದು, ಭಾರತದ ಕಾರ್ಖಾನೆಯದಾದರೆ 1950ರ ದಶಕದವರೆಗೂ ಬರಬಹುದು. ಇವೆರಡರಲ್ಲಿ ಯಾವುದೆಂದು ಹೇಳಬಲ್ಲದ್ದು ತಯಾರಕರ ಹೆಸರಿನ ಅಕ್ಷರಗಳು ಮಾತ್ರ, ಮತ್ತು ತಳದಲ್ಲಿ ಅಕ್ಷರವಿಲ್ಲ, ಒಂದು 4 ಇದೆ. ಅದು ಅಚ್ಚಿನ ಸಂಖ್ಯೆ.